ಅಳುವ ಪೈಪು, ವೀರಪ್ಪಮಾವ

ಪೈಪು ಸೋರುತ್ತದೆ ಎಂಬ ಮಾತು ವೀರಪ್ಪಮಾವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಅವರ ಪಾಲಿಗೆ ಪೈಪು ಅಳುತ್ತಿತ್ತು. ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಬಚ್ಚಲಿಗೆ. "ಯಾಕವ್ವ, ನಿಮ್ಮ ಪೈಪು ಅಳಾಕತ್ತೈತಿ, ಯಾರು ಬೈದ್ರು?" ಎಂದು ಕೇಳಿ, ಚಹಾ ಬರುವಷ್ಟರಲ್ಲಿ ನಟ್ಟು ತಿರುಗಿಸುವ ಪಾನ ಹಿಡಿದು ಕೂತಿರುತ್ತಿದ್ದರು. ಯಶವಂತನಗರದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಮಗೆ ರಕ್ತಸಂಬಂಧವೇನಲ್ಲ, ಪಕ್ಕದ ಮನೆಯವರು.

ತಾಮ್ರದ ಪೈಪಿನ ಬೆಸುಗೆ ಎಂದರೆ ಅವರಿಗೆ ಮಾನದ ಪ್ರಶ್ನೆ. ಬೆಸೆದ ಜಾಗಕ್ಕೆ ಹಳೇ ಪೇಪರ್ ಸುತ್ತಿ ದಾರ ಕಟ್ಟುವರು. ಸಂಜೆ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಹಿಚುಕುವರು. ಒಣಗಿದ್ದು ಪರಪರ ಎಂದರೆ ಪಾಸು. ಒಂದು ಗೃಹಪ್ರವೇಶದಲ್ಲಿ ಪೇಪರಿನ ಒಂದೇ ಮೂಲೆ ಮೆತ್ತಗಾಗಿತ್ತೆಂದು, ಊಟಕ್ಕೆ ಕೂತ ನೆಂಟರನ್ನು ಲೆಕ್ಕಿಸದೆ ನೀರು ಬಂದ್ ಮಾಡಿಸಿ ತಾವೇ ಹಾಕಿದ ಬೆಸುಗೆ ಕಿತ್ತಿದ್ದರು. ಆ ಮನೆಯಾಕೆ ಈಗಲೂ ಅದನ್ನು ಹೇಳಿ ನಗುತ್ತಾಳೆ.

ಆಮೇಲೆ ಅವರಿಗೆ ಕೈ ನಡುಕ ಬಂತು. ಬೆಸುಗೆಗೆ ಉರಿ ಕೊಡುವ ಬ್ಲೋಲ್ಯಾಂಪು ಮೂಲೆ ಸೇರಿತು.

ಅದೇ ಹೊತ್ತಿಗೆ ನನ್ನ ಮಗಳಿಗೆ ಹೆರಿಗೆಯಾಯಿತು. ಇನ್ನೆರಡು ದಿನಕ್ಕೆ ಕೂಸಿನೊಂದಿಗೆ ಮನೆಗೆ ಬರುವವಳಿದ್ದಳು. ನಮ್ಮ ಸೋಲಾರಿನ ಬಿಸಿನೀರಿನ ಪೈಪು, ಮೂಲೆಯಲ್ಲಿ ತಿರುಗುವ ಬೆಂಡಿನ ಹತ್ತಿರ ಬಿಟ್ಟುಕೊಂಡಿತು. ಬಂದ ಪ್ಲಂಬರ್ ನೋಡಿದವನೇ, "ತಾಮ್ರ ಈಗ ಯಾರು ಮುಟ್ತಾರ್ರಿ ಅಕ್ಕಾರ? ಎಲ್ಲಾ ಕಿತ್ತು ಹೊಸಾದು ಹಾಕ್ಬೇಕು, ವಾರ ಆಗ್ತೈತಿ" ಎಂದು ಹೊರಟೇಬಿಟ್ಟ. ಬಿಸಿನೀರಿಲ್ಲದೆ ಎಂಥ ಬಾಣಂತನ? ನನಗೆ ಅಳುವೇ ಬಂತು.

ಸುದ್ದಿ ಕೇಳಿದ ವೀರಪ್ಪಮಾವ ಬ್ಲೋಲ್ಯಾಂಪು ತಗೊಂಡು ಮಾಳಿಗೆ ಹತ್ತಿ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. "ನೀನ ಬೆಸುಗಿ ಹಾಕು" ಎಂದರು.

"ನನಗೆಲ್ಲಿ ಬರ್ತೈತಿ ಮಾವ? ನಾನು ಬ್ಲೌಸ್ ಹೊಲಿಯಾಕಿ."

"ಅದಕ್ಕ ಹೇಳಿದ್ದು. ಸೂಜಿ ಹಿಡಿದ ಕೈ ನಡುಗಂಗಿಲ್ಲ. ನನ್ನ ಬಾಯಿ, ನಿನ್ನ ಕೈ."

ಹಳೆಯ ಬೆಂಡು ಬಿಡಿಸಿದ್ದಾಯಿತು. ಹೊಸ ಬೆಂಡನ್ನೂ ಪೈಪಿನ ತುದಿಯನ್ನೂ ಹುಣಸೆಹಣ್ಣಲ್ಲಿ ತಿಕ್ಕಿದ ಚೊಂಬಿನಂತೆ ಹೊಳೆಯುವ ತನಕ ಉಜ್ಜಿಸಿದರು, ಬೆಸುಗೆಯ ಪೇಸ್ಟ್ ಹಚ್ಚಿಸಿ ಎರಡನ್ನೂ ಸೇರಿಸಲು ಹೇಳಿದರು. ನಾನು ಉರಿಯನ್ನು ನೇರ ತವರದ ತಂತಿಗೇ ಹಿಡಿದೆ. ತವರ ಗುಂಡುಗುಂಡಾಗಿ ನೆಲಕ್ಕೆ ಉದುರಿತು.

ಮಾವ ನಕ್ಕರು. "ಅದಕ್ಯಾಕ ಬೆಂಕಿ ತೋರಸ್ತಿ? ಬೆಂಡು ಕಾಯಿಸು. ಕಾವು ಇದ್ದ ಕಡಿಗೆ ತವರ ತಾನ ಓಡಿ ಬರ್ತೈತಿ. ನಿನ್ನ ಮಗಳು ತವರಿಗೆ ಬರಾಕತ್ತಿಲ್ಲೇನು, ಹಂಗ."

ಬೆಂಡು ಕಾಯಿಸಿದೆ. ಸುಂಯ್ ಎಂದಿತು. ಕಣ್ಣು ಮುಚ್ಚಿ ಕೂತಿದ್ದ ಮಾವ, "ನಿಲ್ಲು, ಒಳಗ ನೀರೈತಿ. ನೀರಿದ್ರ ಕಾವು ಏರಂಗಿಲ್ಲ" ಎಂದರು. ಹಳೇ ವಾಲ್ವು ಪೂರ್ತಿ ಮುಚ್ಚದೆ ನೀರು ಒಂದೊಂದೇ ಹನಿ ಜಿನುಗುತ್ತಿತ್ತು.

"ಮನ್ಯಾಗ ಮಂಡಕ್ಕಿ ಐತೇನು?"

ಪಾಪ, ಹಸಿದಿದ್ದಾರೆ ಎಂದುಕೊಂಡು ಓಡಿಹೋಗಿ ಒಗ್ಗರಣೆ ಹಾಕಿ, ಮೇಲೊಂದು ಮಿರ್ಚಿ ಇಟ್ಟು ತಂದೆ. ಮಾವ ತಟ್ಟೆಯನ್ನೇ ನೋಡುತ್ತ ಕೂತರು. "ಇದನ್ನ ಆಮ್ಯಾಲೆ ತಿಂತೀನಿ. ಪೈಪಿಗೆ ಒಣ ಮಂಡಕ್ಕಿ ತಾ."

ಬೆಂಡು ತೆಗೆದು ಒಂದು ಹಿಡಿ ಮಂಡಕ್ಕಿಯನ್ನು ಪೈಪಿನೊಳಗೆ ಗಿಡಿದು ತುಂಬಿದೆ. ಅದು ನೀರು ಹೀರಿ ಉಬ್ಬಿ ಅಡ್ಡ ನಿಂತಿತು. ಬೆಂಡು ಕೂಡಿಸಿ, ಕಾಯಿಸಿ, ತವರ ಮುಟ್ಟಿಸಿದೆ ಅಷ್ಟೇ. ಬೆಳ್ಳಗೆ ಬೆಂಡಿನ ಸುತ್ತ ಓಡಿ ತಾನೇ ಸಂದಿ ಸೇರಿತು. ನನ್ನ ಜೀವಮಾನದಲ್ಲಿ ಅಂಥ ಹೊಲಿಗೆ ಹಾಕಿಲ್ಲ.

ಆರಿದ ಮೇಲೆ ನೀರು ಬಿಟ್ಟೆವು. ಮೆತ್ತಗಾದ ಮಂಡಕ್ಕಿಯೆಲ್ಲ ಬಚ್ಚಲ ನಲ್ಲಿಯಲ್ಲಿ ಬಕೇಟಿಗೆ ಬಿತ್ತು. ಸಂಜೆ ಮಾವ ಬೆಂಡಿಗೆ ಸುತ್ತಿದ್ದ ಪೇಪರ್ ಬಿಚ್ಚಿ, ತಮ್ಮ ಕಿವಿಗಲ್ಲ, ನನ್ನ ಕಿವಿಗೆ ಹಿಡಿದರು. ಪರಪರ ಎಂದಿತು. ಹತ್ತನೇ ಕ್ಲಾಸು ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮಗಳು ಬಂದಳು. ಹೊಗೆಯಾಡುವ ನೀರಲ್ಲಿ ಕೂಸಿಗೆ ಎರೆಯುವಾಗ ಅದು ಓಣಿಗೆಲ್ಲ ಕೇಳುವಂತೆ ಚೀರಿತು. ಪಡಸಾಲೆಯಲ್ಲಿ ಕೂತಿದ್ದ ಮಾವ, "ಅಳಲಿ ಬಿಡವ್ವ. ಪೈಪು ಅಳದಿದ್ರ ಸಾಕು" ಎಂದರು.

ಹೋದ ವರ್ಷ ವೀರಪ್ಪಮಾವ ತೀರಿಕೊಂಡರು. ಆ ಬೆಂಡು ಇನ್ನೂ ಒಂದು ಹನಿ ಬಿಟ್ಟಿಲ್ಲ. ಮೊನ್ನೆ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು, "ಅಕ್ಕಾರ, ನಮ್ಮ ಪೈಪು ಅಳಾಕತ್ತೈತ್ರಿ. ತಾಮ್ರಕ್ಕ ನಿಮ್ಮನ್ನ ಕರೀಬೇಕಂತ ವೀರಪ್ಪಮಾವಾರು ಎಲ್ಲಾರಿಗೂ ಹೇಳಿ ಹೋಗ್ಯಾರ್ರಿ" ಎಂದಳು.

ಹೊಲಿಯುತ್ತಿದ್ದ ಬ್ಲೌಸನ್ನು ಮಷೀನಿನ ಮೇಲೇ ಬಿಟ್ಟು ಎದ್ದೆ. ಮಾವನ ಮನೆಯಿಂದ ಬ್ಲೋಲ್ಯಾಂಪು ಇಸಿದುಕೊಂಡು ಆಕೆಯನ್ನು ಕೇಳಿದೆ: "ನಿಮ್ಮ ಮನ್ಯಾಗ ಮಂಡಕ್ಕಿ ಐತೇನವ್ವ?"