ಕಂಪ್ಲಿಗೆ ಬರಲಿದ್ದ ರೈಲು

ಕಂಪ್ಲಿಗೆ ರೈಲಿಲ್ಲ. ನಮ್ಮ ದೊಡ್ಡಪ್ಪನ ಪಡಸಾಲೆಯ ಗೋಡೆಯಲ್ಲಿ ಮಾತ್ರ ಇತ್ತು, ಗಾಜಿನ ಚೌಕಟ್ಟಿನೊಳಗೆ. ಜನ ಬಂದು ಈ ಸೀಮೆಯಲ್ಲಿ ನೆಲೆಸಲಿ ಎಂದು ಹಿಂದೆ ಯಾವುದೋ ರೈಲು ಕಂಪನಿ ಅಚ್ಚು ಹಾಕಿಸಿ ಹಂಚಿದ ನಕಾಶೆ ಅದು. ಅದರಲ್ಲಿ ತುಂಗಭದ್ರೆ ಸಮುದ್ರದಷ್ಟು ಅಗಲ. ಕಬ್ಬು ಹಂಪಿಯ ಗೋಪುರಕ್ಕಿಂತ ಎತ್ತರ. ಹೊಸಪೇಟೆಯಿಂದ ಕಂಪ್ಲಿಗೆ ಚುಕ್ಕೆ ಚುಕ್ಕೆಯ ಒಂದು ಗೆರೆ, ಅಂದರೆ ಮುಂದೆಂದೋ ಹಾಕಲಿರುವ ಹಳಿ. ಅದನ್ನು ನಂಬಿ ಹೊರಟ ನಮ್ಮ ಮುತ್ತಜ್ಜ ಹೊಸಪೇಟೆಯಲ್ಲಿಳಿದು, ಕಂಪ್ಲಿ ರೈಲು ಎಷ್ಟು ಹೊತ್ತಿಗೆಂದು ಗಂಭೀರವಾಗಿ ವಿಚಾರಿಸಿ, ಎತ್ತಿನ ಗಾಡಿ ಹತ್ತಿದರಂತೆ.

ಅದಿರಿನ ಲಾರಿಗಳು ಕಂಡದ್ದನ್ನೆಲ್ಲ ಕೆಂಪು ಮಾಡುತ್ತಿದ್ದ ವರ್ಷಗಳು. ದೊಡ್ಡಪ್ಪನ ಮಗಳನ್ನು, ಅಂದರೆ ನಮ್ಮ ಅಕ್ಕನನ್ನು, ನೋಡಲು ಸಂಡೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗನನ್ನು ಎಮ್ಮಿಗನೂರಿನ ಯಾವುದೋ ಮದುವೆಯಲ್ಲಿ ಕಂಡಿದ್ದ ಅಕ್ಕ ಆಗಲೇ ಒಪ್ಪಿಯಾಗಿತ್ತು. ಇದು ದೊಡ್ಡಪ್ಪನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹುಡುಗನ ತಂದೆ ಮಾತ್ರ ಹೆಣ್ಣಿಗಿಂತ ಮೊದಲು ನಕಾಶೆ ನೋಡಿದರು.

“ಕಂಪ್ಲಿಗೆ ಲೈನ್ ಬರ್ತೈತೇನ್ರಿ? ಹಂಗಾದ್ರ ಅದಿರು ಇಲ್ಲೇ ತುಂಬಬೋದಲ್ರಿ!”

ಇಲ್ಲ ಎನ್ನುವುದು ದೊಡ್ಡಪ್ಪನ ಜಾಯಮಾನವಲ್ಲ. “ಬಂದಂಗಾ ತಿಳ್ಕೊಳ್ರಿ ಬೀಗರ,” ಎಂದುಬಿಟ್ಟರು.

ಇನ್ನೂ ಬೀಗರಾಗದ ಬೀಗರು ದಾರ ತರಿಸಿ ಗಾಜಿನ ಮೇಲಿಟ್ಟು ದೂರ ಅಳೆದರು. ಅಲ್ಲಿಂದ ಲಗ್ನದ ಮಾತು ಸರಸರ ಓಡಿತು.

ಕೇಳಿದ್ದಕ್ಕಷ್ಟೇ ಹೆಣ್ಣು ಬಾಯಿ ತೆರೆಯಬೇಕೆಂಬುದು ನಮ್ಮ ಮನೆಯ ಶಾಸನ. ಅಕ್ಕ ಉಪ್ಪಿಟ್ಟಿನ ತಟ್ಟೆ ಇಟ್ಟು ಶಾಸನ ಮುರಿದಳು.

“ಮಾವಾರ, ಆ ಚುಕ್ಕಿ ನಮ್ಮ ಮುತ್ತಜ್ಜನ ಕಾಲದಿಂದ ಹಂಗಾ ಅದಾವ್ರಿ. ರೈಲು ನೋಡಿ ನನ್ನ ಒಪ್ಪಬ್ಯಾಡ್ರಿ. ಆಮ್ಯಾಲ ಎಲ್ಲೈತಿ ರೈಲು ಅಂತ ದಿನಾ ನನ್ನಾ ಕೇಳ್ತೀರಿ.”

ದೊಡ್ಡಪ್ಪ ಫ್ಯಾನನ್ನು ಅಧ್ಯಯನ ಮಾಡತೊಡಗಿದರು. ಒಳಗೆ ದೊಡ್ಡಮ್ಮ ಕೆಮ್ಮಿದರು.

ಹುಡುಗನ ತಂದೆ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಚೀಲದಿಂದ ಮಡಿಸಿದ ಹಾಳೆ ತೆಗೆದು ಹಾಸಿದರು. ಒಂದು ಗುಡ್ಡ, ಅದರ ಸುತ್ತ ಚುಕ್ಕೆಗಳು.

“ಇದು ನಮ್ಮ ಮೈನ್ಸ್ ನೋಡವ್ವ. ನಿಮ್ಮಪ್ಪಗ ನಡ್ದೈತಿ ಅಂತ ಹೇಳೀನಿ. ಪರ್ಮಿಶನ್ನಾ ಬಂದಿಲ್ಲ.”

ಅಕ್ಕ ಹುಡುಗನ ಕಡೆ ತಿರುಗಿದಳು. “ನೀವೇನ್ ಮಾಡ್ತೀರಿ?”

“ಟೈರ್ ಅಂಗಡಿ ಐತ್ರಿ.”

“ಖರೇನಾ ಐತೋ, ಅದೂ ಚುಕ್ಕಿಯಾಗಾ ಐತೋ?”

“ಬಂದು ನೋಡ್ರಿ ಬೇಕಾದ್ರ,” ಎಂದ ಹುಡುಗ, ನಗು ತಡೆಯಲಾರದೆ.

ಅಕ್ಕ ಮರುದಿನವೇ ದೊಡ್ಡಪ್ಪನನ್ನು ಹೊರಡಿಸಿಕೊಂಡು ಸಂಡೂರಿನ ಬಸ್ಸು ಹತ್ತಿದಳು. ಹೆಣ್ಣು ಹೋಗಿ ಗಂಡು ನೋಡಿದ್ದು ನಮ್ಮ ವಂಶದಲ್ಲಿ ಅದೇ ಮೊದಲು. ಅಂಗಡಿಯ ಶಟರನ್ನು ಎರಡು ಸಲ ಎಳೆದು, ಏರಿಸಿ, ಆಮೇಲೆ ಹೂಂ ಅಂದಳು.