ಸ್ಟ್ಯಾಂಡಿನಲ್ಲಿ ಕೂತ ಹಳೆಯ ಕೋಚ್

ಕೋವಿಡ್ ಕಾಲದಲ್ಲಿ ಸ್ಲೈಗೋ ಎಂಬ ಐರಿಷ್ ಊರಿನ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಒಬ್ಬ ಅನಲಿಸ್ಟ್ ಬಂದರು. ಅವರು ಹಿಂದೆ ಇದೇ ತಂಡದ ಕೋಚ್ ಆಗಿದ್ದವರು. ಈಗಿನ ಕೋಚ್ ಅವರ ಕೈಯಲ್ಲೇ ಆಟ ಕಲಿತವನು. ಅನಲಿಸ್ಟ್ ಎಂದರೆ ಸ್ಟ್ಯಾಂಡಿನಲ್ಲಿ ಕೂತು ಆಟ ನೋಡಿ ಬರೆದುಕೊಳ್ಳಬೇಕು, ಪಂದ್ಯ ನಡೆಯುವಾಗ ಬಾಯಿ ಬಿಡಕೂಡದು. ಅದು ಲೀಗಿನ ನಿಯಮ, ಪಂದ್ಯದ ವಿಡಿಯೋ ಕೂಡ ಲೀಗಿನವರಿಗೇ ಹೋಗುತ್ತಿತ್ತು. ಕಾಲೇಜಿನ ಐಟಿ ಕೆಲಸದಲ್ಲಿದ್ದ ನಾನು ಅವರ ಪಕ್ಕದಲ್ಲೇ ನಿಂತು ಆ ವಿಡಿಯೋ ತೆಗೆಯುತ್ತಿದ್ದೆ.

ಮೊದಲ ಪಂದ್ಯದಲ್ಲೇ ಅವರು ಶುರುಮಾಡಿದರು. ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಅವರ "ಎಡಕ್ಕೆ! ಎಡಕ್ಕೆ!" ಮಾಸ್ಕ್ ದಾಟಿ ಆಚೆ ತುದಿಯ ಗೋಲ್‌ವರೆಗೂ ಕೇಳಿಸಿತು. ನಮ್ಮ ಆಟಗಾರನೊಬ್ಬ ಎಡಕ್ಕೆ ಓಡಿಯೂಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ವಿಡಿಯೋ ತುಂಬ ಇವರದೇ ದನಿ!

"ಸುಮ್ನೆ ಕೂತ್ಕೊಳ್ಳಿ ಮಾರಾಯ್ರೇ," ಎಂದು ಕನ್ನಡದಲ್ಲೇ ಗದರಿದೆ. ಭಾಷೆ ತಿಳಿಯದಿದ್ದರೂ ಅವರಿಗೆ ದನಿ ತಿಳಿಯಿತು.

"ಗ್ರ್ಯಾಂಡ್, ಗ್ರ್ಯಾಂಡ್," ಎಂದು ಅಲ್ಲಿಯವರ ರೀತಿಯಲ್ಲಿ 'ಆಯ್ತು, ಆಯ್ತು' ಎಂದವರು ಮಾಸ್ಕಿನ ಮೇಲೆ ಅಂಗೈ ಒತ್ತಿಕೊಂಡು ಕೂತರು. ಪಾಪ, ಕಾಲು ಮಾತ್ರ ನೆಲ ಒದೆಯುತ್ತಲೇ ಇತ್ತು.

ಹತ್ತು ನಿಮಿಷ ಕಳೆದಿರಬೇಕು. ನಮ್ಮವರು ಸೋಲುತ್ತಿದ್ದರು. ಗೆರೆಯ ಪಕ್ಕ ನಿಂತಿದ್ದ ಕೋಚ್ ಆಟ ಬಿಟ್ಟು ನಮ್ಮ ಕಡೆ ತಿರುಗಿದ. ಅವನ ಮುಖದಲ್ಲಿ ಗಾಬರಿಯಿತ್ತು. "ಯಾಕೆ ಸುಮ್ಮನಾದ್ರಿ? ಹುಷಾರಾಗಿದ್ದೀರಾ ತಾನೆ?" ಎಂದು ಕೂಗಿದ. ಅವು ಎಲ್ಲರ ಬಾಯಲ್ಲೂ ಆ ಪ್ರಶ್ನೆಯೇ ಇದ್ದ ದಿನಗಳು.

ಮುದುಕರು ಬಾಯಿಯ ಮೇಲಿನ ಕೈ ತೆಗೆಯದೆ ನನ್ನ ಮುಖ ನೋಡಿದರು.

ನಾನು ಕ್ಯಾಮೆರಾದ ಮೈಕ್ ಆಫ್ ಮಾಡಿದೆ.