ಎದುರುಬದುರು ಎರಡು ಗೋಡೆ

ಹಿಸ್ಟರಿ ಮೇಡಂ ಅವರ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸದಾ ಒಣಗಿದ ಮೈದಾ ಅಂಟು ಇರುತ್ತಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಪಂಪ್ ಸ್ಟೌ ಹಚ್ಚಿ, ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಚಿತ್ರಗಳನ್ನು ರಟ್ಟಿಗೆ ಅಂಟಿಸಲು ಅವರೇ ಅಂಟು ಕಾಯಿಸುತ್ತಿದ್ದರು. ಮಾತಾಡುವಾಗ ಅದನ್ನು ಕೆರೆಯುತ್ತ ಕೂರುವರು. ಕೆರೆಯುವುದು ನಿಂತಿತೆಂದರೆ ಮನಸ್ಸಿಗೆ ಏನೋ ತಾಗಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ತಿಪಟೂರಿನ ಆ ಕಾಲೇಜಿಗೆ ಕನ್ನಡ ಪಾಠ ಹೇಳಲು ಸೇರಿದಾಗ ನನಗೆ ಇಪ್ಪತ್ನಾಲ್ಕು; ಅವರಿಗೆ ಐವತ್ತು ದಾಟಿತ್ತು. ಹಾಲ್ಕುರಿಕೆಯವರು. ಗಂಡ ತೀರಿಕೊಂಡ ಮೇಲೆ ಹಟ ಹಿಡಿದು ಎಂ.ಎ. ಮಾಡಿದವರು. ಕಾಲೇಜಿನ ಹಿಂದೆ, ಒಂದು ಕಾಲದಲ್ಲಿ ಕೊಬ್ಬರಿ ತುಂಬುತ್ತಿದ್ದ ಕೋಣೆಯನ್ನು ಕೇಳಿ ಪಡೆದು ಮ್ಯೂಸಿಯಂ ಮಾಡಿದ್ದರು. ಎಷ್ಟು ಸುಣ್ಣ ಬಳಿಸಿದರೂ ಅಲ್ಲಿನ ಎಣ್ಣೆಜಿಡ್ಡಿನ ವಾಸನೆ ಹೋಗಿರಲಿಲ್ಲ. ಹಂದನಕೆರೆ ಕಡೆಯ ಹೊಲದಿಂದ ಎತ್ತಿನ ಗಾಡಿಯಲ್ಲಿ ತರಿಸಿದ ವೀರಗಲ್ಲು, ಹಳೆಯ ಸೇರು ಪಾವುಗಳು, ಒಂದಷ್ಟು ತಾಳೆಗರಿ, ಇಷ್ಟೇ ಅದರ ಆಸ್ತಿ. ವೀರಗಲ್ಲಿನ ಮುಂದೆ ಹುಡುಗರನ್ನು ನಿಲ್ಲಿಸಿ ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳುವರು: "ದನ ಬಿಡಿಸ್ಕೊಳ್ಳೋಕೆ ಹೋಗಿ ಸತ್ತೋನು ಇಲ್ಲೇ ಅವ್ನೆ. ಆವತ್ತು ಊರಿಗೆ ಬೆಂಕಿ ಬಿದ್ದಾಗ ಸತ್ತ ಹೆಂಗಸ್ರು, ಮಕ್ಳು ಎಲ್ಲವ್ರೆ? ಹುಡುಕ್ರಪ್ಪ."

ಎಂಬತ್ತೆರಡರಲ್ಲಿ ಆ ಕೋಣೆಯಲ್ಲಿ ಅವರೊಂದು ಪ್ರದರ್ಶನ ಸಿದ್ಧ ಮಾಡಿದರು. ಒಂದು ಗೋಡೆಗೆ, ಹಿಟ್ಲರನ ಕಾಲದಲ್ಲಿ ಯೆಹೂದಿಗಳನ್ನು ರೈಲಿಗೆ ತುಂಬಿ ಒಯ್ದು ಕೊಂದದ್ದರ ಫೋಟೋಗಳು. ಬೆಂಗಳೂರಿನ ಲೈಬ್ರರಿಗಳಿಗೆ ಅಲೆದು, ಪುಸ್ತಕಗಳಿಂದ ಒಂದೊಂದಾಗಿ ಕಾಪಿ ತೆಗೆಸಿ ತಂದಿದ್ದರು. ಎದುರಿನ ಗೋಡೆಗೆ ಆ ವರ್ಷದ ಪತ್ರಿಕೆಗಳಿಂದಲೇ ಕತ್ತರಿಸಿದ ಚಿತ್ರಗಳು: ಬಾಂಬಿಗೆ ಕುಸಿದ ಬೈರೂತಿನ ಮನೆಗಳು, ಇರಾನ್ ಇರಾಕ್ ಗಡಿಯಲ್ಲಿ ನೆಲಸಮವಾದ ಊರುಗಳು. ನನ್ನ ಅಕ್ಷರ ದುಂಡಗಿತ್ತೆಂದು ಪ್ರತಿ ಚಿತ್ರದ ಕೆಳಗಿನ ಬರಹ ನನ್ನ ಕೈಲಿ ಬರೆಸಿದರು.

ಪ್ರದರ್ಶನಕ್ಕೆ ಎರಡು ದಿನ ಇದ್ದಾಗ ಆಡಳಿತ ಮಂಡಳಿಯ ಅಧ್ಯಕ್ಷರು ನೋಡಲು ಬಂದರು. ಕೊಬ್ಬರಿ ವ್ಯಾಪಾರಸ್ಥರು, ಕೆಟ್ಟವರೇನಲ್ಲ. ನಡುವೆ ನಿಂತು ಅತ್ತಿತ್ತ ನೋಡಿ, "ಈ ಗೋಡೆ ಇರ್ಲಿ ಮೇಡಂ. ಆ ಗೋಡೆ ತೆಗೆಸ್ಬುಡಿ. ಹಿಸ್ಟರಿ ಅಂದ್ರೆ ಹಳೇದು ತಾನೆ? ಅದೂ ಇದೂ ಒಂದೇ ಅಂತೀರೇನು?" ಅಂದರು.

"ಒಂದೇ ಅಂತ ನಾನಂದಿಲ್ಲ ಕಣ್ರೀ. ಅಲ್ಲಿ ಒಂದು ಜನಾನೇ ಭೂಮಿ ಮೇಲಿಲ್ದಂಗೆ ಮಾಡೋಕೆ ಹೊರಟಿದ್ರು. ಇಲ್ಲಿ ಯುದ್ಧ ನಡೀತಾ ಐತೆ. ಆದ್ರೆ ಆವಾಗ ಸುದ್ದಿ ಓದಿದೋರು ಪೇಪರ್ ಮಡಚಿಟ್ಟು ಊಟಕ್ಕೆ ಎದ್ರು. ನಾವೂ ಹಂಗೇ ಏಳ್ತಾ ಇದೀವಿ. ನಾನು ತೋರಿಸ್ಬೇಕಾಗಿರೋದು ಅದನ್ನ."

ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಸ್ಟಾಫ್ ಮೀಟಿಂಗ್ ಕರೆದರು. "ನಾನು ನಿಮ್ಮ ಪರ ಮಾತಾಡ್ತೀನಿ ಮೇಡಂ" ಎಂದು ಹಿಂದಿನ ಸಂಜೆಯೇ ಹೇಳಿದ್ದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಪ್ರಿನ್ಸಿಪಾಲರು ಕೇಳಿದಾಗ ಮೇಡಂ ಉಗುರು ಕೆರೆಯುವುದು ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ನಾನು ಮೇಜು ನೋಡುತ್ತ ಕೂತೆ. ಆ ಗೋಡೆ ತೆಗೆಯಬೇಕೆಂದು ತೀರ್ಮಾನವಾಯಿತು.

ಸಂಜೆ ಅವರೇ ಬಂದು ಕರೆದರು. "ಬಾರಪ್ಪ, ಸ್ಟೂಲು ಹಿಡ್ಕೊ. ಒಂದೇ ಗೋಡೆ ಇಟ್ಕೊಂಡು ನಾನೇನು ಮಾಡ್ಲಿ?" ಎರಡೂ ಗೋಡೆಯ ಚಿತ್ರಗಳನ್ನು ಇಳಿಸಿ, ಸಂತೆಗೆ ಹೋಗುವ ದಾರಿಯಲ್ಲಿದ್ದ ತಮ್ಮ ಮನೆಯ ನಡುಮನೆಯಲ್ಲಿ ಮತ್ತೆ ಎದುರುಬದುರು ತೂಗುಹಾಕಿದರು. ಬಾಗಿಲು ತೆರೆದಿಟ್ಟು ಕೂತರು.

ಸಂತೆಗೆ ಬಂದ ಹೆಂಗಸರು ಇಣುಕಿ ಇಣುಕಿ ಒಳಗೆ ಬಂದರು. ಕೆಂಕೆರೆಯ ಅಜ್ಜಿಯೊಬ್ಬಳು ಬೈರೂತಿನ ಒಂದು ಚಿತ್ರದ ಮುಂದೆ ನಿಂತುಬಿಟ್ಟಳು. ಗೋಡೆ ಬಿದ್ದು ಅಡುಗೆಮನೆ ಬೀದಿಗೆ ಕಾಣುತ್ತಿತ್ತು. ತಾಯಿಯೊಬ್ಬಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಇದ್ಯಾವೂರವ್ವಾ?"

"ದೂರದೂರು ಅಜ್ಜಿ. ಸಮುದ್ರದಾಚೆ."

"ಮಗೀಗೆ ಹಾಲೆಲ್ಲಿ ತತ್ತಾಳೆ?"

ಮೇಡಂ ಚಿತ್ರದ ಹತ್ತಿರ ಬಗ್ಗಿ ನೋಡಿದರು. "ಗೊತ್ತಿಲ್ಲ ಅಜ್ಜಿ" ಅಂದರು. ಅಜ್ಜಿ ಹಿಂದಕ್ಕೆ ತಿರುಗಿ, ರೈಲಿನ ಪಕ್ಕ ಸಾಲಾಗಿ ನಿಂತ ಮಕ್ಕಳ ಚಿತ್ರ ನೋಡಿದಳು. "ಈ ಮಕ್ಳು?"

"ಉಳೀಲಿಲ್ಲ."

ಅಜ್ಜಿ ಕಂಕುಳಲ್ಲಿದ್ದ ಕುಕ್ಕೆ ಕೆಳಗಿಟ್ಟು ಅಲ್ಲೇ ಕೂತಳು. ಮೇಡಂ ಕಾಫಿ ಮಾಡಿ ತಂದರು. ಇಬ್ಬರೂ ನೆಲದ ಮೇಲೆ ಕೂತು ಕುಡಿದರು. ಆ ಚಿತ್ರಗಳು ನಾಲ್ಕು ಸಂತೆ ಅಲ್ಲೇ ಇದ್ದವು.

ಮ್ಯೂಸಿಯಂನ ಬೀಗದ ಕೈಯನ್ನು ಅವರಿಂದ ಕಿತ್ತುಕೊಂಡರು. ಅದರ ಬಗ್ಗೆ ಅವರು ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ. ನನ್ನ ಜೊತೆ ಮೊದಲಿನ ಹಾಗೇ ಇದ್ದರು. ಮಧ್ಯಾಹ್ನ ಡಬ್ಬಿ ತೆರೆದು ಅರ್ಧ ನನ್ನ ಕಡೆ ಸರಿಸುವರು. ಎರಡು ತಿಂಗಳಾದ ಮೇಲೆ ಒಂದು ದಿನ ಹೇಳಿಯೇಬಿಟ್ಟೆ. "ಆವತ್ತು ನಾನು ಮಾತಾಡ್ಬೇಕಿತ್ತು ಮೇಡಂ. ತಪ್ಪಾಯ್ತು."

ಹೋಗ್ಲಿ ಬುಡು ಅನ್ನುತ್ತಾರೆಂದುಕೊಂಡಿದ್ದೆ. ಅನ್ನಲಿಲ್ಲ.

"ಹೂಂ, ಆಡ್ಬೇಕಿತ್ತು ಕಣಪ್ಪ. ನಂಗೆ ಬಾಳ ಬೇಜಾರಾಯ್ತು" ಅಂದರು. ಆಮೇಲೆ ಡಬ್ಬಿಯನ್ನು ಇನ್ನಷ್ಟು ಹತ್ತಿರ ಸರಿಸಿದರು. "ಈಗ ಉಪ್ಪಿಟ್ಟು ತಿನ್ನು. ಮುಂದಿನ ಸಲ ಆಡು."

ಅವರು ನಿವೃತ್ತರಾಗಿ ತುರುವೇಕೆರೆಯ ತಂಗಿಯ ಮನೆಗೆ ಹೋದರು. ಎಂಬತ್ತೇಳರಲ್ಲಿ ನಮ್ಮ ಬಿ.ಎ. ಹುಡುಗಿಯರು, ಶ್ರೀಲಂಕಾದ ಯುದ್ಧದಲ್ಲಿ ಸುಟ್ಟುಹೋದ ಮನೆಗಳ ಚಿತ್ರ ಕೂಡಿಸಿ, ಮ್ಯೂಸಿಯಂ ಕೋಣೆಯಲ್ಲಿ ಹಾಕಲು ಅನುಮತಿ ಕೇಳಿದರು. ಇಂಥವೆಲ್ಲ ಕಾಲೇಜಿಗೆ ಯಾಕೆ ಎಂಬ ಮಾತು ಮೀಟಿಂಗಿನಲ್ಲಿ ಮತ್ತೆ ಎದ್ದಿತು. "ಹಾಕ್ಬೇಕು ಸಾರ್. ಇಲ್ಲಿ ಬೇಡ ಅಂದ್ರೆ ನಮ್ಮನೇಲಿ ಹಾಕಿಸ್ತೀನಿ" ಅಂದೆ. ಇನ್ನಿಬ್ಬರು ಹೂಂಗುಟ್ಟಿದರು. ಒಂದು ವಾರಕ್ಕೆ ಅನುಮತಿ ಸಿಕ್ಕಿತು.

ಭಾನುವಾರ ಬಸ್ಸು ಹತ್ತಿ ತುರುವೇಕೆರೆಗೆ ಹೋದೆ. ಮೇಡಂ ಹಾಸಿಗೆ ಹಿಡಿದಿದ್ದರು. ಮುಂದಿನ ತಿಂಗಳು ತೀರಿಕೊಂಡರು. ಅದೇ ಕೊನೆಯ ಭೇಟಿಯಾಯಿತು. ಕಣ್ಣು ಮುಚ್ಚಿಕೊಂಡೇ ನನ್ನ ಮಾತೆಲ್ಲ ಕೇಳಿಸಿಕೊಂಡರು.

"ಕೂತ್ಕೊಂಡು ಹೇಳಿದ್ಯೋ, ಎದ್ದು ನಿಂತು ಹೇಳಿದ್ಯೋ?"

"ಎದ್ದು ನಿಂತು, ಮೇಡಂ."

"ಭಯ ಆಯ್ತಾ?"

"ಬಾಳ ಆಯ್ತು."

ಕಣ್ಣು ತೆರೆದು ನನ್ನ ಕೈ ಹಿಡಿದುಕೊಂಡರು.

"ಆವತ್ತು ನಂಗೂ ಆಗಿತ್ತು ಕಣಪ್ಪ."